ಮುಂದಿನ ಸಾಲಿನ ಬಂಡೆ

ಗುಂಡಿ ತೋಡುವವನು ಪಿಕಾಸಿಯನ್ನು ಹೆಗಲಿನಿಂದ ಇಳಿಸಿ ಅಂಗಳದ ಗೋಡೆಗೆ ಒರಗಿಸಿದ. ಮೀನು ಒಣಹಾಕಿದ್ದ ಚಾಪೆಗಳ ನಡುವೆ ಹುಷಾರಾಗಿ ಕಾಲಿಡುತ್ತಾ ಬಂದು ಬಾಗಿಲಲ್ಲಿ ನಿಂತ.

"ಎಲ್ಲಿ ತೋಡ್ಲಿ ಅಂತ ಹೇಳಿಬಿಡಿ. ಬಿಸಿಲು ಏರಿದ್ಮೇಲೆ ನನ್ ಕೈಲಾಗಲ್ಲ."

ಒಳಗೆ ದೊಡ್ಡಕ್ಕನನ್ನು ಮಲಗಿಸಿದ್ದರು. ಊರಿಗೆಲ್ಲ ಆಕೆ ದೊಡ್ಡಕ್ಕ, ಸ್ವಂತ ತಂಗಿ ಇದ್ದದ್ದು ಒಬ್ಬಳೇ. ಎಪ್ಪತ್ತೆಂಟು ವರ್ಷ ವಯಸ್ಸು. ನಿನ್ನೆ ಸಂಜೆಯವರೆಗೂ ಚಾಪೆಯ ಮೇಲಿನ ಮೀನನ್ನು ಮಗುಚಿ ಹಾಕಿ, ಕಾಗೆಗಳಿಗೂ ಸೊಸೆಗೂ ಒಂದೇ ದನಿಯಲ್ಲಿ ಬೈದು, ಉಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದಳು ಎಂದು ಬಂದವರೆಲ್ಲ ಹೇಳುತ್ತಿದ್ದರು. ಬದುಕಿದ್ದಾಗ ಕೊಟ್ಟ ತೊಂದರೆಯನ್ನು ಆ ಹೊತ್ತಿಗೆ ಮರೆತಿದ್ದರು, ಪುಣ್ಯಾತ್ಮರು.

"ಇದೇನು ಕೇಳೋ ಮಾತಾ?" ಎಂದ ಮಗ. ದೋಣಿಯ ಇಂಜಿನ್ ರಿಪೇರಿ ಮಾಡುವವನು, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇತ್ತು. "ಹಿಂದಿನ ಸಾಲಲ್ಲಿ ಎಲ್ಲಾದ್ರೂ ತೋಡು. ನೆರಳಿರೋ ಕಡೆ."

ದೊಡ್ಡಕ್ಕನ ತಲೆ ಬಾಚುತ್ತಿದ್ದ ತಂಗಿಯ ಕೈ ನಿಂತಿತು.

ಊರಿನ ಸ್ಮಶಾನ ಸಮುದ್ರದ ಮೇಲಿನ ಇಳಿಜಾರಿನಲ್ಲಿದೆ. ಮುಂದಿನ ಸಾಲು ದೊಡ್ಡ ಬಲೆಯ ತಂಡದವರದು: ಹುಟ್ಟು ಹಾಕಿದವರು, ಚುಕ್ಕಾಣಿ ಹಿಡಿದವರು, ಗುಡ್ಡದ ತುದಿಯಲ್ಲಿ ಕೂತು ಮೀನಿನ ಹಿಂಡನ್ನು ನೋಡಿ ಬಟ್ಟೆ ಬೀಸಿ ದೋಣಿಗೆ ದಾರಿ ತೋರಿಸಿದ ನೋಟಗಾರ, ದೊಡ್ಡಕ್ಕನ ಅಪ್ಪ. ಅವರಿಗೂ ಸಮುದ್ರಕ್ಕೂ ನಡುವೆ ಏನೂ ಇಲ್ಲ. ಹಿಂದಿನ ಸಾಲುಗಳಲ್ಲಿ ಮಿಕ್ಕವರು, ಅಂದರೆ ಅಂಗಡಿಯವರು, ಬಡಗಿಗಳು, ಮೀನು ಒಣಗಿಸಿದ ಹೆಂಗಸರು. ಹೀಗೆಂದು ಯಾರೂ ಬರೆದಿಟ್ಟಿಲ್ಲ, ಮೀರಿದವರೂ ಇಲ್ಲ. ದೊಡ್ಡಕ್ಕನ ಗಂಡ ಬಡಗಿ, ಪರವೂರಿಗೆ ಕೆಲಸಕ್ಕೆ ಹೋಗಿ ಅಲ್ಲೇ ಮಣ್ಣಾದವನು. ಆಕೆ ಮಾತ್ರ ಯಾರ ಸಾವಿಗೆ ಹೋದರೂ ಬರುವಾಗ ಒಂದು ಮಾತು ಹೇಳುತ್ತಿದ್ದಳು: "ನಾಳೆ ನನ್ನನ್ನೂ ಹಿಂದೆ ಮಲಗಿಸ್ತಾರೆ ಕಣೇ. ಅಲ್ಲಿಂದ ಏನು ಕಾಣ್ಸುತ್ತೆ? ಬರೀ ಗಂಡಸರ ಬೆನ್ನು." ಎಲ್ಲರೂ ನಗುತ್ತಿದ್ದರು. ತಂಗಿಗೆ ನಗು ಬರುತ್ತಿರಲಿಲ್ಲ.

"ಮುಂದಿನ ಸಾಲಲ್ಲಿ ಜಾಗ ಇಲ್ವಾ?" ಎಂದು ಕೇಳಿದಳು ತಂಗಿ.

ಗುಂಡಿಯವನು ಮಗನ ಮುಖ ನೋಡಿದ.

"ನಿಮ್ಮ ಅಪ್ಪನ ಪಕ್ಕ ಒಂದು ಜಾಗ ಖಾಲಿ ಇದೆಯಮ್ಮ," ಎಂದ ಗುಂಡಿಯವನು, "ಆದ್ರೆ ಅಡಿಯಲ್ಲಿ ಬಂಡೆ. ನಮ್ಮಪ್ಪನಿಗೂ ಹಿರಿಯರು ಅದನ್ನೇ ಹೇಳಿದ್ರಂತೆ. ಅದಕ್ಕೇ ಅದನ್ನ ಬಿಟ್ಟು ಆಚೆಗೆ ತೋಡ್ತಾ ಹೋಗಿದ್ದೀವಿ."

"ಚಿಕ್ಕಮ್ಮ, ಬಂಡೆ ಇರ್ಲಿ ಬಿಡ್ಲಿ, ಅಮ್ಮ ಯಾವತ್ತು ಬಲೆ ಹಿಡಿದಿದ್ಲು? ಊರವರು ನಗಲ್ವಾ?"

ತಂಗಿ ಅಕ್ಕನ ಮುಖ ನೋಡಿದಳು. ಹೇಳಬಾರದೆಂದು ಆಣೆ ಹಾಕಿಸಿಕೊಂಡವಳು ಹಾಯಾಗಿ ಮಲಗಿದ್ದಳು. ಹೇಳಿದರೆ ಅಕ್ಕನಿಗೆ ಸಮುದ್ರ ಸಿಗಬಹುದು, ಆದರೆ ಅಪ್ಪನ ಮಾನ ಹೋಗಬಹುದು. ಹೇಳದಿದ್ದರೆ ಎಂದೆಂದಿಗೂ ಗಂಡಸರ ಬೆನ್ನು.

"ಅರ್ಧ ಗಂಟೆ ತಡಿಯಪ್ಪ," ಎಂದಳು ಗುಂಡಿಯವನಿಗೆ. "ಸೊಸೆ ಟೀ ಕೊಡ್ತಾಳೆ, ಕುಡಿ."

*

ಆ ಕಾಲದಲ್ಲಿ ದೋಣಿಗೆ ಇಂಜಿನ್ ಇರಲಿಲ್ಲ, ಮೀನು ಎಲ್ಲಿದೆಯೆಂದು ಹೇಳುವ ಯಂತ್ರವೂ ಇರಲಿಲ್ಲ. ಇದ್ದದ್ದು ಅಪ್ಪನ ಕಣ್ಣು. ಮಕ್ಕಳಿಗೆ ಆಟವೆಂದರೆ ತೇಲಿಬಂದ ಸೌದೆ ಆಯುವುದು, ಹರಿದ ಬಲೆಗೆ ಗಂಟು ಹಾಕುವುದು, ಗುಡ್ಡದ ಮೇಲಿನ ನೋಟಗಾರನಿಗೆ ಟೀ ಹೊತ್ತುಕೊಂಡು ಹೋಗುವುದು. ಬೆರಳು ತುಂಬ ದಾರ ಕೊಯ್ದ ಗಾಯ, ತಲೆಗೂದಲಲ್ಲಿ ಉಪ್ಪು. ದೊಡ್ಡಕ್ಕನಿಗೆ ಆಗ ಹನ್ನೊಂದು, ತಂಗಿಗೆ ಐದು.

ಆ ವರ್ಷ ಅಪ್ಪ ಮನೆಯ ಹೊಸ್ತಿಲು ಎಡವತೊಡಗಿದ. ಅನ್ನದ ತಟ್ಟೆಯನ್ನು ತಡವಿ ಹುಡುಕತೊಡಗಿದ. ಅಮ್ಮ ನೋಡಿಯೂ ನೋಡದವಳಂತೆ ಇದ್ದಳು. ಅಪ್ಪನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಕಣ್ಣು ಹೋಗಿದೆ ಎಂದು ಒಪ್ಪಿಕೊಂಡ ದಿನವೇ ಒಲೆ ಆರುತ್ತಿತ್ತು.

ಒಂದು ಬೆಳಿಗ್ಗೆ ಗುಡ್ಡದ ಮೇಲೆ ಟೀ ಕೊಟ್ಟು ಹೊರಟ ಮಗಳನ್ನು ಅಪ್ಪ ಕರೆದ. "ಸ್ವಲ್ಪ ಕೂತ್ಕೋ. ನೀರು ಹೇಗಿದೆ ಹೇಳು."

ಹುಡುಗಿ ಹೇಳಿದಳು. ಎಲ್ಲಿ ತಿಳಿ, ಎಲ್ಲಿ ಕದಡು, ಎಲ್ಲಿ ಹಕ್ಕಿಗಳು ತಗ್ಗಿ ಹಾರುತ್ತಿವೆ, ಎಲ್ಲಿ ನೀರಿನ ಒಳಗಿನಿಂದ ಮೀನಿನ ಹಿಂಡಿನ ಕೆಂಪು ಏಳುತ್ತಿದೆ. ಆಮೇಲೆ ಇಬ್ಬರೂ ಒಂದು ಏರ್ಪಾಡು ಮಾಡಿಕೊಂಡರು. ಅವಳು ಬಲೆ ಹೆಣೆಯುವ ನೆವದಲ್ಲಿ ಅಪ್ಪನ ಬೆನ್ನ ಹಿಂದೆ ಕೂರಬೇಕು. ಬಲ ಹೆಗಲು ಮುಟ್ಟಿದರೆ ದೋಣಿ ಬಲಕ್ಕೆ, ಎಡ ಹೆಗಲು ಮುಟ್ಟಿದರೆ ಎಡಕ್ಕೆ. ಅಂಗಿ ಹಿಡಿದು ಎಳೆದರೆ ನಿಲ್ಲಬೇಕು. ಬೆನ್ನಿನ ನಡುವೆ ಅಂಗೈ ಇಟ್ಟರೆ, ಬಲೆ ಬಿಡು.

ಹತ್ತೊಂಬತ್ತು ವರ್ಷ, ಅಪ್ಪ ಸಾಯುವವರೆಗೆ, ಊರು ಉಂಡದ್ದು ಆ ಅಂಗೈಯ ಅನ್ನ. ಅವಳ ಮದುವೆಯಾಯಿತು, ಮಗುವಾಯಿತು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಗುಡ್ಡ ಹತ್ತಿದಳು. ಕಣ್ಣಲ್ಲಿ ಕಣ್ಣಿಟ್ಟು ನೀರು ನೋಡಿದಳು. ಕೆಳಗೆ ಜನ ಅಪ್ಪನನ್ನು ಹೊಗಳುವಾಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದವಳು ಅವಳೇ.

ತಪ್ಪಿದ್ದು ಒಂದೇ ಸಲ, ಅದೂ ಮೊದಲ ವರ್ಷ. ನೀರಿನ ಮೇಲೆ ದೊಡ್ಡದೊಂದು ಕಪ್ಪು ಸರಿದು ಬರುತ್ತಿತ್ತು. ಹಿಂಡೇ ಎಂದುಕೊಂಡ ಹುಡುಗಿ ಅಂಗೈ ಇಟ್ಟೇಬಿಟ್ಟಳು. ದೋಣಿ ಸುತ್ತು ಹಾಕಿ ಬಲೆ ಬಿಟ್ಟಿತು. ಹದಿನಾಲ್ಕು ಜನ ಬೆವರು ಸುರಿಸಿ ಎಳೆದರೆ ಬಲೆಯಲ್ಲಿ ಬಂದದ್ದು ನೀರು. ಆ ಕಪ್ಪು ಮಾತ್ರ ಗುಡ್ಡ ಹತ್ತಿ, ಊರು ದಾಟಿ ಹೋಯಿತು. ಅದು ಮೋಡದ ನೆರಳು.

"ನನ್ನ ಕಣ್ಣು ತಪ್ಪಿತು," ಎಂದು ಅಪ್ಪ ಎಲ್ಲರ ಮುಂದೆ ತಲೆ ತಗ್ಗಿಸಿದ.

ಮರುದಿನ ದೋಣಿಯ ಯಜಮಾನ ತಾನೇ ಗುಡ್ಡ ಹತ್ತಿ ಬಂದ. ಕೆಲಸ ಹೋಯಿತೆಂದುಕೊಂಡಳು ಹುಡುಗಿ. ಯಜಮಾನ ಟೀ ಕುಡಿದ, ಮೊಣಕಾಲು ನೋವಿನ ಬಗ್ಗೆ ಗೊಣಗಿದ, ಮತ್ತೆ ಅಪ್ಪನಿಗೆ ಏನೇನೋ ಹಳೆಯ ಪುರಾಣ ಒದರಿದ: ನೆರಳು ಗಾಳಿ ಹೋದತ್ತ ಹೋಗುತ್ತೆ, ಮೀನು ತನಗೆ ಬೇಕಾದತ್ತ ಹೋಗುತ್ತೆ; ನೆರಳಿನ ಅಂಚು ಸುಮ್ಮನಿರುತ್ತೆ, ಮೀನಿನ ಅಂಚು ಕುದಿಯುತ್ತೆ. ಮೂವತ್ತು ವರ್ಷ ಸಮುದ್ರ ನೋಡಿದವನಿಗೆ ಇದನ್ನು ಹೇಳುತ್ತಾರಾ, ಮುದುಕನಿಗೆ ಅರಳುಮರಳು ಎಂದು ಅಕ್ಕ ಮನೆಗೆ ಬಂದು ನಕ್ಕಿದ್ದಳು.

ನಗು ಮುಗಿದ ಮೇಲೆ ತಂಗಿಗೆ ಏರ್ಪಾಡನ್ನು ಹೇಳಿ, ತಲೆಯ ಮೇಲೆ ಕೈಯಿಡಿಸಿಕೊಂಡಿದ್ದಳು. "ಅಪ್ಪ ಮೋಸ ಮಾಡಿದ ಅಂತ ಯಾರೂ ಅನ್ನಬಾರದು. ನೀನೂ ನಾನೂ ಸತ್ತ ಮೇಲೂ."

*

ಚುಕ್ಕಾಣಿ ಅಜ್ಜ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಆ ಯಜಮಾನನ ಮಗ, ವಯಸ್ಸು ಎಂಬತ್ತಾರು. ಎರಡೂ ಕಣ್ಣಿಗೆ ಪೊರೆ. ಹಳೆಯ ತಂಡದಲ್ಲಿ ಉಳಿದವರು ಅವನೂ ಪಕ್ಕದಲ್ಲಿದ್ದ ಇಬ್ಬರೂ.

ತಂಗಿ ಎದುರು ನಿಂತಳು.

"ಅಣ್ಣ, ಒಂದು ವಿಷಯ ಹೇಳ್ಬೇಕು. ಕೇಳಿದ್ಮೇಲೆ ನಮ್ಮಪ್ಪನಿಗೆ ಏನಾದ್ರೂ ಅನ್ನಿ, ಆದ್ರೆ ಅಕ್ಕನಿಗೆ ನ್ಯಾಯ ಮಾಡಿ."

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಹೆಗಲು, ಅಂಗಿ, ಅಂಗೈ, ಮೋಡದ ನೆರಳು. ಹೇಳಿ ಮುಗಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಗ ಟೀ ಲೋಟ ಹಿಡಿದು ಬಾಗಿಲಲ್ಲೇ ಕಂಬದಂತೆ ನಿಂತಿದ್ದ.

ಅಜ್ಜ ಗಂಟಲು ಸರಿಮಾಡಿಕೊಂಡ.

"ಹುಚ್ಚಿ," ಎಂದ. "ಇದನ್ನ ಅರವತ್ತೇಳು ವರ್ಷ ಹೊಟ್ಟೆಯಲ್ಲಿ ಇಟ್ಕೊಂಡಿದ್ಯಾ?"

"ಅಂದ್ರೆ?"

"ನಿಮ್ಮಪ್ಪ ಮೋಡದ ನೆರಳಿಗೆ ಬಲೆ ಬಿಡಿಸೋ ಆಸಾಮಿನಾ? ಅದು ಹೊಸಬರು ಮಾಡೋ ತಪ್ಪು. ಬರೀ ನೀರು ಎಳೆದಾಗಲೇ ದೋಣಿಯಲ್ಲಿದ್ದ ಎಲ್ಲರಿಗೂ ಗೊತ್ತಾಯ್ತು, ಈ ಕಣ್ಣು ಅವನದ್ದಲ್ಲ ಅಂತ. ತಲೆ ಎತ್ತಿ ನೋಡಿದ್ರೆ ಅವನ ಬೆನ್ನ ಹಿಂದೆ ಒಂದು ಪುಟ್ಟ ತಲೆ. ಒಬ್ಬ ಬೈಯೋಕೆ ಬಾಯಿ ತೆಗೆದ. ನಮ್ಮಪ್ಪ ಅವನಿಗೆ ಏನಂದ ಗೊತ್ತಾ? 'ಬಾಯಿ ಮುಚ್ಚು. ಹನ್ನೊಂದು ವರ್ಷದ ಮಗು ಮೊದಲನೇ ವರ್ಷ ಒಂದೇ ಸಲ ತಪ್ಪಿದೆ. ನೀನು ಮೊದಲನೇ ವರ್ಷ ಎಷ್ಟು ಸಲ ನೀರಿಗೆ ಬಿದ್ದೆ ಎಣಿಸ್ಲಾ?'"

ಪಕ್ಕದ ಮುದುಕ ಕೆಮ್ಮಿದ. "ನಾನೇ ಕಣಮ್ಮ ಆ ಬಾಯಿ ತೆಗೆದವನು."

"ಮರುದಿನ ನಮ್ಮಪ್ಪ ಗುಡ್ಡ ಹತ್ತಿ ಪಾಠ ಹೇಳಿದ್ದು ನಿಮ್ಮಪ್ಪನಿಗೆ ಅಂದ್ಕೊಂಡ್ಯಾ? ಅವಳಿಗೆ. ಆಮೇಲೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಅಪ್ಪನ ಮಾನ ಕಾಯ್ತಿದ್ಲು, ನಾವು ಅವಳದ್ದು ಕಾಯ್ತಿದ್ವಿ."

"ಹಾಗಾದ್ರೆ ಅಕ್ಕ..." ತಂಗಿ ಸೆರಗು ಕೆಳಗಿಳಿಸಿದಳು. "ಬದುಕಿದ್ದಾಗ ಒಂದು ಮಾತು ಹೇಳಬಾರದಾಗಿತ್ತಾ ಅಣ್ಣ ಅವಳಿಗೆ?"

"ಹೇಳ್ಬೇಕಿತ್ತು," ಎಂದ ಅಜ್ಜ. "ಸುಮ್ಮನಿದ್ದೂ ಇದ್ದೂ ಅದೇ ಅಭ್ಯಾಸ ಆಗೋಯ್ತು." ಕೋಲು ಊರಿ ಎದ್ದು ಗುಂಡಿಯವನತ್ತ ತಿರುಗಿದ. "ಮುಂದಿನ ಸಾಲು. ಅವಳಪ್ಪನ ಪಕ್ಕ."

"ಅಜ್ಜ, ಅಲ್ಲಿ ಬಂಡೆ..."

"ಬಂಡೆ ಇದೆ ಅಂತ ನಿಮ್ಮಪ್ಪನಿಗೆ ಹೇಳಿದ್ದು ಯಾರು?"

"ಹಿರಿಯರು."

"ನಾವೇ ಕಣೋ. ಹೋಗು, ತೋಡು."

*

ಗುಂಡಿಯವನು ನಂಬಲಿಲ್ಲ. ಹಿಡಿ ಮುರಿದರೆ ಹೊಸದು ಕೊಡಿಸಬೇಕೆಂದು ಮಗನಿಂದ ಮಾತು ತೆಗೆದುಕೊಂಡು, ಹಲ್ಲು ಕಚ್ಚಿ ಮೊದಲ ಏಟು ಹಾಕಿದ. ಪಿಕಾಸಿ ಸದ್ದಿಲ್ಲದೆ ಹಿಡಿಯವರೆಗೂ ಇಳಿಯಿತು. ಎರಡನೆಯ ಏಟು, ಮೂರನೆಯದು, ಸೊಂಟದ ಆಳ, ಎದೆಯ ಆಳ. ಒಂದು ಕಲ್ಲೂ ಸಿಗಲಿಲ್ಲ. ಮೆತ್ತನೆಯ ಮರಳುಮಣ್ಣು. ಮಗ ಅದನ್ನು ಹಿಡಿಯಲ್ಲಿ ತೆಗೆದುಕೊಂಡು ಸುಮಾರು ಹೊತ್ತು ನೋಡಿದ. ಹಿಂದೆ ನಿಂತ ಊರವರಲ್ಲಿ ಯಾರೂ ನಗಲಿಲ್ಲ.

ಇಳಿಸಲು ಎರಡು ಹಗ್ಗ, ನಾಲ್ಕು ಜನ ಬೇಕಿತ್ತು. ಮೂವರು ಮುದುಕರು ಯಾರನ್ನೂ ಕೇಳದೆ ಮೂರು ತುದಿ ಹಿಡಿದರು. ನಾಲ್ಕನೆಯದು ಮಗನ ಕೈಗೆ ಬಂತು.

"ಅಜ್ಜ, ನಿಮಗೆ ಕಣ್ಣು ಕಾಣಲ್ಲ, ಬೇರೆಯವರಿಗೆ ಕೊಡಿ," ಎಂದ ಮಗ.

"ಕಣ್ಣು ಯಾಕೋ? ಯಾವಾಗ ಬಿಡಬೇಕು ಅಂತ ಗೊತ್ತಾದ್ರೆ ಸಾಕು."

ತಂಗಿ ಎಲ್ಲರನ್ನೂ ಸರಿಸಿಕೊಂಡು ಬಂದು ಅಜ್ಜನ ಹಿಂದೆ ನಿಂತಳು. ಹಗ್ಗಗಳು ಸಮನಾಗಿ ಬಿಗಿಯುವವರೆಗೆ ಅವನ ಅಂಗಿಯನ್ನು ಎಳೆದು ಹಿಡಿದಿದ್ದಳು. ಕೆಳಗೆ ಸಮುದ್ರ ಬಿಸಿಲಿಗೆ ತೆರೆದುಕೊಂಡಿತ್ತು, ಎಲ್ಲೂ ಮೋಡವಿರಲಿಲ್ಲ. ಅಂಗಿಯನ್ನು ಬಿಟ್ಟು, ಅಂಗೈಯನ್ನು ಅಗಲ ಮಾಡಿ, ಅವನ ಬೆನ್ನಿನ ನಡುವೆ ಇಟ್ಟಳು.

ಅಜ್ಜ ಹಗ್ಗ ಸಡಿಲಿಸಿದ.