ಇಪ್ಪತ್ತಿಪ್ಪತ್ತಾಗಿ ಒಳಗೆ ಬಂದ ಪತ್ರಗಳು

ನರ್ಸಿಂಗ್ ಪ್ರವೇಶ ಕಚೇರಿಯ ಇಮೇಲ್ ಸರ್ವರ್ ಮಧ್ಯಾಹ್ನದಿಂದ ಆರು ಸಲ ಮಕಾಡೆ ಮಲಗಿತ್ತು. ಸೀಟು ಸಿಕ್ಕ ನಾಲ್ಕು ಸಾವಿರ ಮಂದಿ ತಮ್ಮ ಒಪ್ಪಿಗೆಯ ಪತ್ರವನ್ನು ಸಂಜೆ ಐದರೊಳಗೆ ಮುಟ್ಟಿಸಬೇಕು; ಮುಟ್ಟದಿದ್ದರೆ ಸೀಟು ಮುಂದಿನವರ ಪಾಲು. ಆ ಸರ್ವರನ್ನು ಹನ್ನೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದವಳನ್ನು ಕಚೇರಿಯವರು ಸರ್ವರಮ್ಮ ಎಂದೇ ಕರೆಯುತ್ತಿದ್ದರು. ಇವತ್ತು ಅವಳಿಗೆ ಮನೆಯ ಚಿಂತೆಯೂ ಒಂದಿತ್ತು. ಅಣ್ಣನ ಮಗಳಿಗೆ ಮೂರನೇ ವರ್ಷದ ಪ್ರಯತ್ನಕ್ಕೆ ಸೀಟು ಸಿಕ್ಕಿತ್ತು. ಆ ಹುಡುಗಿಯ ಪತ್ರವೂ ಇನ್ನೂ ಬಂದಿರಲಿಲ್ಲ.

ಸರ್ವರ್ ಬಿದ್ದಾಗಲೆಲ್ಲ ಕಚೇರಿಯ ಮುಖ್ಯಾಧಿಕಾರಿಗಳು ತಾವೇ ಓಡಿ ಬಂದು ಗುಂಡಿ ಒತ್ತಿ ಅದನ್ನು ಎಬ್ಬಿಸುತ್ತಿದ್ದರು. ಎದ್ದ ಎರಡೇ ನಿಮಿಷಕ್ಕೆ ಅದು ಮತ್ತೆ ಕಣ್ಣು ಮುಚ್ಚುತ್ತಿತ್ತು. ಏಳನೇ ಸಲ ಅವಳು ಅವರನ್ನು ತಡೆದು, ಬಂದು ಹೋದ ಪತ್ರಗಳ ದಾಖಲೆಯನ್ನು ಸಾಲಿಗೆ ಬೆರಳಿಟ್ಟು ಓದಿದಳು. ಒಂದೇ ಹುಡುಗಿಯಿಂದ ಒಂಬತ್ತು ಪತ್ರ. ಇನ್ನೊಬ್ಬನಿಂದ ಹದಿನಾಲ್ಕು. ಯಾಕೆಂದು ಹುಡುಕಿದರೆ ಉತ್ತರ ಕಚೇರಿಯ ವೆಬ್‌ಸೈಟಿನಲ್ಲೇ ಇತ್ತು: 'ಹತ್ತು ನಿಮಿಷದೊಳಗೆ ಸ್ವೀಕೃತಿ ಬಾರದಿದ್ದರೆ ಮತ್ತೆ ಕಳುಹಿಸಿ.' ಕೆಳಗೆ ಮುಖ್ಯಾಧಿಕಾರಿಗಳ ಸಹಿ.

"ಸಾರ್, ಉರಿಯೋ ಬೆಂಕಿಗೆ ತುಪ್ಪ ಹುಯ್ದಿದ್ದು ನಾವೇ."

ಅವರ ಮುಖ ಸಣ್ಣದಾಯಿತು. ಒಳ್ಳೆಯದಕ್ಕೇ ಹಾಕಿಸಿದ್ದೆ ಎಂದು ಗೊಣಗುತ್ತಲೇ ಅದನ್ನು ತೆಗೆಸಿ, 'ಒಮ್ಮೆ ಕಳುಹಿಸಿದ್ದರೆ ಸಾಕು' ಎಂದು ಹಾಕಿಸಿದರು. ಅಷ್ಟರಲ್ಲಿ ಅವಳು ಒಂದು ಸಲಕ್ಕೆ ಇಪ್ಪತ್ತೇ ಪತ್ರ ಒಳಗೆ ಬಿಡುವಂತೆ ಸರ್ವರಿಗೆ ಮಿತಿ ಹಾಕಿ ಅದನ್ನು ಎಬ್ಬಿಸಿದಳು. ಗಂಟೆ ಆಗಲೇ ನಾಲ್ಕು. ಉಳಿದ ಪತ್ರಗಳ ಗತಿ ಏನೆಂದು ಅವರು ಕೇಳಿದರು.

"ಹೊರಗೆ ಕಾಯ್ತಾವೆ ಸಾರ್. ಕಳಿಸಿದವರ ಕಡೆಯ ಸರ್ವರ್ ಅವನ್ನ ಬಿಸಾಕಲ್ಲ, ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಬಾಗಿಲು ತಟ್ಟುತ್ತೆ. ನಾವು ಎಬ್ಬಿಸಿದಾಗಲೆಲ್ಲ ಎಲ್ಲಾ ಒಟ್ಟಿಗೆ ನುಗ್ತಿದ್ವು, ಅದಕ್ಕೇ ಬೀಳ್ತಿತ್ತು. ನೀವು ಆ ಗುಂಡಿಯೊಂದನ್ನ ಮುಟ್ಬೇಡಿ."

ಅವರು ಎರಡೂ ಕೈಗಳನ್ನು ಜೇಬಿಗೆ ಸೇರಿಸಿ ನಿಂತರು.

ಇಪ್ಪತ್ತು ಬಂದವು, ಮತ್ತೆ ಇಪ್ಪತ್ತು. ಸರ್ವರ್ ಏದುಸಿರು ಬಿಡಲಿಲ್ಲ. ನಾಲ್ಕು ಮೂವತ್ತೆಂಟಕ್ಕೆ ಅಣ್ಣನ ಮಗಳ ಹೆಸರು ಕಂಡಿತು. ಸರ್ವರಮ್ಮ ಕುರ್ಚಿಗೆ ಒರಗಿದಳು. ಮಧ್ಯಾಹ್ನದಿಂದ ಬೆನ್ನು ಕುರ್ಚಿಗೆ ತಾಗಿದ್ದು ಅದೇ ಮೊದಲು. ಹಿಂದೆಯೇ ಅದೇ ಹೆಸರು ಇನ್ನೊಮ್ಮೆ, ಮತ್ತೊಮ್ಮೆ, ಒಟ್ಟು ಹನ್ನೊಂದು ಸಲ. ಫೋನು ಮಾಡಿದಳು.

"ಹನ್ನೊಂದು ಸೀಟೂ ನಿಂಗೊಬ್ಬಳಿಗೇ ಬೇಕೇನೇ?"

"ಬಂತಾ ಅತ್ತೆ?" ಎಂದವಳೇ ಹುಡುಗಿ ಅಪ್ಪನನ್ನು ಕೂಗಿ ಕರೆದಳು.

ಐದಕ್ಕೆ ಆರು ನಿಮಿಷವಿರುವಾಗ ಹೊರಗೆ ಕಾಯುವ ಪತ್ರ ಒಂದೂ ಉಳಿದಿರಲಿಲ್ಲ. ಮುಖ್ಯಾಧಿಕಾರಿಗಳು ಇನ್ನೂ ಹಾಗೆಯೇ ನಿಂತಿದ್ದರು.

"ಈಗ ಕೈ ಹೊರಗೆ ತೆಗೀಬಹುದೇನಮ್ಮಾ?"

ಅವಳು ಗಡಿಯಾರ ನೋಡಿದಳು. "ಇನ್ನಾರು ನಿಮಿಷ ಇರ್ಲಿ ಸಾರ್," ಎಂದಳು.