ಹಳೇ ಅಟ್ಟದ ಗುಟ್ಟು

ಘಾನಾದಿಂದ ಒಬ್ಬ ಅಧಿಕಾರಿ, ಜಮೈಕಾದಿಂದ ಒಬ್ಬಾಕೆ. ಎರಡು ದೇಶಗಳ ನಡುವೆ ಆಗಲಿದ್ದ ಒಪ್ಪಂದ ಇಷ್ಟೇ: ಘಾನಾ ಉಂಡೆ ಕೊಬ್ಬರಿ ಮಾಡಬೇಕು, ಜಮೈಕಾ ಕೊಳ್ಳಬೇಕು. ಮಾಡುವುದು ಹೇಗೆಂದು ನೋಡಲು ಇಬ್ಬರೂ ತುರುವೇಕೆರೆ ಬಳಿ ತೆಂಗು ಬೆಳೆಗಾರ ಬಸವರಾಜಪ್ಪನ ಅಂಗಳದಲ್ಲಿ ಕಾರಿನಿಂದ ಇಳಿದರು.

"ದೇಶ ದೇಶವೇ ಕೊಬ್ಬರಿ ಮಾಡಕ್ಕೆ ಕೂತ್ರೆ ತಿಪಟೂರು ಮಾರ್ಕೆಟ್ಟಲ್ಲಿ ನಮ್ಮನ್ನ ಮೂಸೋರ್ಯಾರ್ಲಾ?" ಎಂದ ಬಸವರಾಜಪ್ಪ, ಅವರ ಮಾತು ಕನ್ನಡಿಸಲು ಜೊತೆಗೆ ಬಂದಿದ್ದ ತಮ್ಮನ ಮಗ ಜ್ಞಾನೇಶನಿಗೆ.

"ಸುಮ್ನೆ ನೋಡ್ಕಂಡು ಹೋಗ್ತಾರೆ ಬುಡು ದೊಡ್ಡಪ್ಪ."

"ಸುಮ್ನೆ ನೋಡಕ್ಕೆ ಸಮುದ್ರ ದಾಟಿ ಬತ್ತಾರೇನ್ಲಾ?"

ಹದವಾಗಿ ಒಣಗಿದ ಕಾಯಿ ಇದ್ದದ್ದು ಹಳೇ ಅಟ್ಟದಲ್ಲಿ. ಬಸವರಾಜಪ್ಪ ಅವರನ್ನು ಹತ್ತಿಸಿದ್ದು ಮೊನ್ನೆ ಮೊನ್ನೆ ತುಂಬಿದ ಹೊಸ ಅಟ್ಟಕ್ಕೆ. ಜಮೈಕಾದಾಕೆ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಇನ್ನೂ ಒಣಗದ ನೀರು ಗುಳಗುಳ ಅಂದಿತು. ಘಾನಾದವನ ಕಡೆ ತಿರುಗಿ ಏನೋ ಅಂದಳು. ಅವನ ಮುಖ ಇಳಿದುಹೋಯಿತು.

"ಏನಂತೆ?"

"ನಮಗೆ ಮಾರ್ತೀನಿ ಅಂದಿದ್ದು ಇದನ್ನೇನಾ ಅಂತ ಕೇಳ್ತಾವ್ರೆ. ಒಪ್ಪಂದ ಮುರಿದೋಗೋ ಹಂಗೈತೆ."

ಬಸವರಾಜಪ್ಪನ ಎಣಿಕೆ ಫಲಿಸಿತ್ತು. ಆದರೆ ಕೊಳ್ಳುವವರ ಮುಂದೆ ಮಾರುವವನು ತಲೆ ತಗ್ಗಿಸಿ ನಿಲ್ಲುವುದನ್ನು ಅವನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಬೇಕಾದಷ್ಟು ನೋಡಿದ್ದ, ತಾನೂ ನಿಂತಿದ್ದ. ತಡೆಯಲಾಗಲಿಲ್ಲ.

"ಥೂ, ಈ ಕಡೆ ಬರಕ್ಕೇಳ್ಲಾ" ಎಂದು ಹಳೇ ಅಟ್ಟಕ್ಕೆ ಏಣಿ ಹಾಕಿದ.

ಅಲ್ಲಿಯ ಕಾಯಿ ಲೊಡಲೊಡ ಅಂದಿತು. ಮಟ್ಟೆ ಸುಲಿದು ಚಿಪ್ಪು ಒಡೆದರೆ ಇಡೀ ಕೊಬ್ಬರಿ ಉರುಳಿ ಬಂತು. ಘಾನಾ, ಜಮೈಕಾ ಕೈ ಕುಲುಕಿದವು.

"ಹೆಂಗೆ ಮಾಡಿದ್ರಿ ಅಂತ ಕೇಳ್ತಾವ್ರೆ ದೊಡ್ಡಪ್ಪ."

ಕಾಫಿ ತಂದ ಹೆಂಡತಿ ವಿಮಲಮ್ಮ, ಗಂಡ ಬಾಯಿ ತೆರೆಯುವ ಮೊದಲೇ, "ಅಟ್ಟದ ಮೇಲೆ ಹಾಕಿ ಒಂದು ವರ್ಸ ಮುಟ್ಟದಂಗೆ ಬುಡೋದು ಕಣಪ್ಪ, ಅಷ್ಟೇಯ" ಎಂದಳು. ಬಸವರಾಜಪ್ಪ ಕಣ್ಣು ಮುಚ್ಚಿಕೊಂಡ.

ಜ್ಞಾನೇಶ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅಷ್ಟೇ ಆಗಿರಕ್ಕಿಲ್ಲ, ಏನೋ ಮುಚ್ಚಿಡ್ತಾವ್ರೆ ಅಂತವ್ರೆ. ಮೊದಲು ಆ ಅಟ್ಟ ತೋರ್ಸಿದ್ಯಲ್ಲ, ಅದಕ್ಕೇ ಅನುಮಾನ."

"ನಾನು ಮುಚ್ಚಿಡೋದಾ? ಶಿವನಾಣೆಗೂ ಅಷ್ಟೇ ಅನ್ಲಾ!"

ಅಂದರೂ ಅವರು ನಗುತ್ತ ಕೈಮುಗಿದು ಕಾರು ಹತ್ತಿದರು. ಹಿಂದಿನ ಸೀಟಿನಲ್ಲಿ ಎರಡು ದೇಶಗಳು ತಲೆಗೆ ತಲೆ ತಾಗಿಸಿ ಪಿಸುಗುಟ್ಟತೊಡಗಿದವು. ಅಷ್ಟು ಒಗ್ಗಟ್ಟು ಬರುವಾಗ ಇರಲಿಲ್ಲ.

ಬಸವರಾಜಪ್ಪನಿಗೆ ಅವಮಾನ ಸಹಿಸಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಧೂಳಿನಲ್ಲಿ ಕಾರಿನ ಹಿಂದೆ ಓಡಿದ.

"ಮಳೆಗಾಲದಲ್ಲಿ ಅಟ್ಟದ ಕೆಳಗೆ ಹೊಗೆ ಹಾಕ್ಬೇಕು ಕಣ್ರೀ! ಇನ್ನೇನೂ ಇಲ್ಲ, ನಿಂತ್ಕಳಿ, ಎಲ್ಲಾ ಹೇಳ್ತೀನಿ!"