ನೀರು ಕೊಡದ ದಿನ

ಚಕ್ಕಡಿಯ ಗಾಲಿ ತಗ್ಗಿಗೆ ಇಳಿದಾಗ ಮಡಿಲಲ್ಲಿದ್ದ ಮಗಳು ಮರಿಯವ್ವನ ತಲೆ ಅತ್ತ ವಾಲಿತು, ಇತ್ತ ತಿರುಗಿಸಿಕೊಂಡೆ, ಎರಡು ವರ್ಷದ ಕೂಸು ಇಷ್ಟು ಹಗುರಾಗುತ್ತದೆಯೇ, ಹೊಟ್ಟೆಯ ಚರ್ಮ ಎತ್ತಿದರೆ ಎತ್ತಿದ ಹಾಗೆಯೇ ನಿಲ್ಲುತ್ತದೆ, ಕೊರ್ಲಹಳ್ಳಿ ಹಿಂದೆ ಬಿತ್ತು, ಮುಂಡರಗಿಯ ದವಾಖಾನೆ ಇನ್ನೂ ದೂರ, ಎತ್ತು ಹೊಡೆಯುತ್ತ ನನ್ನ ಗಂಡ ಕೇಳುತ್ತಾರೆ, ಶಂಕ್ರೆವ್ವಾ, ಕೂಸು ಹೆಂಗೈತಿ, ಮಕ್ಕೊಂಡೈತ್ರಿ ಎನ್ನುತ್ತೇನೆ — ಊರು ದಾಟುವಾಗ ಶಾಲೆಯ ಮುಂದೆ ತೋರಣ, ಮಾಸ್ತರರು ಚಕ್ಕಡಿ ತಡೆದು ಅಂಗೈಗೆ ಸಕ್ಕರೆ ಹಾಕಿದರು, ಇವತ್ತಿನಿಂದ ನಾವು ಮುಂಬಯಿ ಸರಕಾರದವರಲ್ಲ ತಂಗಿ, ಕನ್ನಡದೋರೆಲ್ಲಾ ಒಂದಾದ್ವಿ, ಹೊಳಿ ಆಚೀಗಿನವರೂ ನಮ್ಮವರ — ಸಕ್ಕರೆ ಬೆರಳ ಸಂದಿಯಲ್ಲಿ ಅಂಟಂಟು, ಇದೇ ಕೈಯನ್ನು ಸೂಲಗಿತ್ತಿ ರೋಶನಬಿ ನಿನ್ನೆ ಹಿಡಿದು ನೋಡಿದಳು, ಕೂಸಿನ ಕುಂಡಿ ತೊಳದು ಈ ಕೈ ಎಲ್ಲಿ ಒರಸಿದಿ ಬೇ, ಸೀರಿಗೆ ಎಂದೆ, ಆಮ್ಯಾಲೆ ಅದ ಕೈಲೆ ತುತ್ತು, ಬೂದಿ ಹಚ್ಚಿ ತಿಕ್ಕಿ ತೊಳೀಬೇಕವ್ವಾ, ನೀರು ಕುದಿಸಿ ಆರಿಸಿ ಕೊಡು, ಗಂಜಿ ತಿಳಿಗೆ ಉಪ್ಪು ಹಾಕಿ ಗುಟುಕು ಗುಟುಕು ಕುಡಸ್ತಿರು — ಅವಳು ಹೋದದ್ದೇ ತಡ ಅತ್ತೆ ದೇವವ್ವ ಗಂಜಿಯ ಬಟ್ಟಲನ್ನು ಎಮ್ಮೆಯ ಬಾನಿಗೆ ಸುರಿದಳು, ಹರಿಯೋ ಹೊಟ್ಟೀಗೆ ಮತ್ತ ನೀರು ಹಾಕ್ತಾರೇನ, ಒಣಗಲಿ, ಒಣಗಿದ್ರ ನಿಲ್ಲತೈತಿ, ನಾ ಏಳು ಹಡದಾಕಿ — ಏಳು ಹಡೆದವಳಿಗೆ ಉಳಿದದ್ದು ನನ್ನ ಗಂಡ ಒಬ್ಬರೇ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹೂಂ ಅತ್ತಿ ಎಂದೆ, ಹಾಗೆಯೇ ಹೊಳೆಯ ದಂಡೆಯೂ ಗೊತ್ತಿತ್ತು, ಹೆಂಗಸರು ಬೆಳಗಿನ ಜಾವ ಚೆಂಬು ಹಿಡಿದು ಹೋಗಿ ಕೂರುವ ಜಾಗ, ಅದರ ಕೆಳಗೆ ಎಮ್ಮೆ ತೊಳೆಯುವ ಮಡು, ಅದರ ಕೆಳಗೆ ನಾವು ಕೊಡ ಅದ್ದುವುದು, ಹರಿಯೋ ನೀರಿಗೆ ಎಂಥ ಮೈಲಿಗಿ ಅಂತ ಸೆರಗಿನಲ್ಲಿ ಸೋಸಿ ದಿನಾ ತಂದೆ, ದಿನಾ ಕುಡಿಸಿದೆ, ಕುಡಿಸಬೇಕಾದ ದಿನ ಕುಡಿಸಲಿಲ್ಲ.

ಇವರು ಮತ್ತೆ ಕೇಳುತ್ತಾರೆ, ಕೂಸು ಅಳವಲ್ದಲ್ಲ, ಎತ್ತು ನಿಲ್ಲಸ್ಲೇನು, ಬ್ಯಾಡ್ರಿ, ಹೊಡೀರಿ, ಜಲ್ದಿ ಹೊಡೀರಿ, ಅವಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಗಾಳಿ ಇದೆ, ಜೋಳದ ಹೊಲದ ಗಾಳಿಯೋ ಅವಳದೋ, ಬೆರಳಿಗೆ ತಿಳಿಯುವುದಿಲ್ಲ, ಸೆರಗು ಮುಚ್ಚಿ ಹಿಡಿದೆ, ಗಾಳಿ ನಿಂತಿತು, ಏನೂ ಇಲ್ಲ, ಇನ್ನೊಮ್ಮೆ ಹಿಡಿದೆ, ಏನೂ ಇಲ್ಲ — ಹೇಳಿದರೆ ಇವರು ಎತ್ತು ತಿರುಗಿಸುತ್ತಾರೆ, ಮತ್ತೆ ಆ ಮನೆಗೆ, ನಿನ್ನೆ ಮಧ್ಯಾಹ್ನ ಅತ್ತೆ ಹಿತ್ತಲಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ, ಕೂಸು ಹೊಟ್ಟೆಯ ಮೇಲೆ ತೆವಳುತ್ತ ಮೂಲೆಗೆ ಹೋಯಿತು, ನೀರು ಜಿನುಗುವ ಗಡಿಗೆಯ ಹೊರಮೈಗೆ ನಾಲಿಗೆ ಹಚ್ಚಿತು, ನಾನು ಕಾಲು ಹಿಡಿದು ಎಳೆದೆ, ಮತ್ತೆ ಹೋಯಿತು, ಮತ್ತೆ ಎಳೆದೆ, ಒದ್ದೆ ಗಡಿಗೆಗೆ ಹಚ್ಚಿದ ನಾಲಿಗೆ, ನಾನು ಎಳೆದೆ, ಗಡಿಗೆಗೆ ಹಚ್ಚಿದ ನಾಲಿಗೆ —